ಹವಾಗುಣದ ಮಾದರಿಗಳನ್ನು ಒರೆಗೆ ಹಚ್ಚುವ ಬಗೆ



ಜಾತ್ರೆಗೆ ಎತ್ತು ಕೊಳ್ಳಹೋದವನು ಮೈಬಣ್ಣಕ್ಕೆ ಮರುಳಾಗುವದಿಲ್ಲ. ಹಲ್ಲು ನೋಡುತ್ತಾನೆ, ಗೊರಸು ಎತ್ತಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ; ಬಲ್ಲವನಾದರೆ ನೊಗ ಹೂಡಿ ಒಂದು ಸಾಲು ಹೊಡೆಸಿದ ಮೇಲೆಯೇ ರೊಕ್ಕದ ಮಾತು ತೆಗೆಯುತ್ತಾನೆ. ಇಷ್ಟು ಬಲ್ಲ ನಾವು, ಮೂವತ್ತು ನಾಲ್ವತ್ತು ವರ್ಷ ಮುಂದಿನ ಮಳೆಯ ಮಾತು ಬಂದಾಗ ಮಾತ್ರ ಬಣ್ಣ ನೋಡಿಯೇ ಒಪ್ಪಿಬಿಡುತ್ತೇವೆ. ಹಾಗೆ ಒಪ್ಪಿ ಕೆಟ್ಟವರಲ್ಲಿ ಈ ಪಾಠ ಬರೆಯುತ್ತಿರುವ ನಾವೂ ಸೇರಿದ್ದೇವೆ.

ಸಂಗತಿ ಹೀಗಿದೆ. 2022ರ ಬೇಸಿಗೆಯಲ್ಲಿ ನಮ್ಮ ಸಾಲೆಯ ಅಂಗಳದಲ್ಲಿ ಊರ ರೈತರು ಕೂಡಿದ್ದರು. ನಮ್ಮ ಕೈಯಲ್ಲಿ ಒಂದು ಬಣ್ಣದ ನಕಾಶೆ ಇತ್ತು. ಈ ಶತಮಾನದ ನಡುವಿನ ಹೊತ್ತಿಗೆ ಮಳೆ ಎಲ್ಲಿ ಹೆಚ್ಚುವದು, ಎಲ್ಲಿ ತಗ್ಗುವದು ಎಂದು ಅದರಲ್ಲಿ ಬಳಿದಿದ್ದರು. ನಮ್ಮ ಜತ್ತ ತಾಲೂಕಿನ ಮೇಲೆ ನೀಲಿ ಬಣ್ಣ. ಕಾಗದ ಇಂಗ್ಲೀಷಿನಲ್ಲಿತ್ತು, ನಾವು ಕನ್ನಡದಲ್ಲಿ ಓದಿ ಹೇಳಿದೆವು. (ಇಂಥ ಕಾಗದಗಳು ನಮ್ಮ ಕಡೆಗೆ ಬರುವದು ಇಂಗ್ಲೀಷಿನಲ್ಲಿ, ಇಲ್ಲವೆ ಮರಾಠಿಯಲ್ಲಿ. ಓದಿ ಹೇಳುವ ಕೆಲಸ ಮಾಸ್ತರರ ತಲೆಗೆ ಬರುತ್ತದೆ. ತಪ್ಪು ಓದಿದರೆ ಅದರ ಭಾರ ಕೇಳಿದವರ ತಲೆಗೆ.) ನಮ್ಮ ಬಾಜೂ ಹೊಲದ ಕಾಕಾ ಅಂದೇ ಮನಸ್ಸು ಗಟ್ಟಿಮಾಡಿ ಸಾಲ ತೆಗೆದು ಎರಡು ಎಕರೆ ದಾಳಿಂಬ ಹಚ್ಚಿದರು. ಮರುವರ್ಷ 2023. ಇಡೀ ದೇಶದ ಲೆಕ್ಕದಲ್ಲಿ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ ತಿಂಗಳು ಬಂದಿರಲಿಲ್ಲ. ಬೋರಿನ ನೀರು ಇಳಿಯಿತು. ಟ್ಯಾಂಕರ ತರಿಸಿ ಗಿಡ ಉಳಿಸಬೇಕಾಯಿತು. ಕಾಕಾ ನಮ್ಮನ್ನು ಬೈಯಲಿಲ್ಲ. ಒಂದು ದಿನ ಕಟ್ಟೆಯ ಮೇಲೆ ಕೂತು ಕೇಳಿದರು:

“ಮಾಸ್ತರ, ನೀವು ಓದಿದ ಕಾಗದದಾಗ ಮಳಿ ಹೆಚ್ಚಾಕ್ಕೈತಿ ಅಂತ ಇತ್ತಲ್ಲರಿ, ಅದನ್ನ ಬರದಾಂವ ಯಾಂವ? ಅಂವಾ ನಮ್ಮ ಸೀಮಿ ಕಂಡಾನೇನ್ರಿ?”

ನಮ್ಮಲ್ಲಿ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಬರೆದವನು ಮನುಷ್ಯನಲ್ಲ, ಗಣಕಯಂತ್ರದೊಳಗಿನ ಒಂದು ಲೆಕ್ಕ. ಅದಕ್ಕೆ ಹವಾಗುಣದ ಮಾದರಿ ಎನ್ನುತ್ತಾರೆ. ಭೂಮಿ, ಗಾಳಿ, ಕಡಲು ಇವನ್ನೆಲ್ಲ ಚೌಕ ಚೌಕವಾಗಿ ಹೋಳುಮಾಡಿ, ಒಂದೊಂದು ಚೌಕಕ್ಕೂ ಬಿಸಿಲು ಎಷ್ಟು ಬಿದ್ದಿತು, ಗಾಳಿ ಎತ್ತ ಬೀಸಿತು, ನೀರು ಎಷ್ಟು ಆವಿಯಾಯಿತು ಎಂದು ಪದಾರ್ಥವಿಜ್ಞಾನದ ನಿಯಮಗಳಂತೆ ಲೆಕ್ಕ ಹಾಕುತ್ತ ದಿನ ದಿನ, ವರ್ಷ ವರ್ಷ ಮುಂದೆ ಸಾಗುವದು ಅದರ ರೀತಿ. 1967ರಲ್ಲಿ ಮನಾಬೆ ಮತ್ತು ವೆದರಾಲ್ಡ ಎಂಬ ಇಬ್ಬರು, ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ ಇಮ್ಮಡಿಯಾದರೆ ಭೂಮಿ ಎಷ್ಟು ಕಾಯುವದೆಂದು ಸರಿಯಾಗಿ ಲೆಕ್ಕ ಹಾಕಿ ದಾರಿ ತೋರಿದರು. ಮನಾಬೆಯವರಿಗೆ 2021ರಲ್ಲಿ ನೋಬೆಲ್ ಪಾರಿತೋಷಕದಲ್ಲಿ ಪಾಲು ಸಿಕ್ಕಿತು. ಈಗ ಲೋಕದ ಸುಮಾರು 50 ಕೇಂದ್ರಗಳು ನೂರರಷ್ಟು ಮಾದರಿಗಳನ್ನು ನಡೆಸುತ್ತವೆ. ಎಲ್ಲವೂ ಒಂದೇ ಬಗೆಯ ಪ್ರಶ್ನೆಗಳಿಗೆ ಉತ್ತರ ಬರೆದು ಒಂದೆಡೆ ಕೂಡಿಸುವ ಏರ್ಪಾಟಿಗೆ ಸಿಎಮ್‌ಐಪಿ ಎಂದು ಹೆಸರು. ಅದರ ಆರನೆಯ ಸುತ್ತಿನಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮಾದರಿಯೂ ಸೇರಿತು. ಭಾರತದಿಂದ ಅಲ್ಲಿಗೆ ಹೋದ ಮೊದಲ ಮಾದರಿ ಅದು.

ನಾವು ಓದಿದ ನಕಾಶೆ ಈ ನೂರರಲ್ಲಿ ಒಂದೇ ಒಂದರದು. ಬೇರೊಂದನ್ನು ಹಿಡಿದಿದ್ದರೆ ನಮ್ಮ ತಾಲೂಕಿನ ಮೇಲೆ ಬೇರೆ ಬಣ್ಣ ಇರಬಹುದಿತ್ತು. ಇದು ನಮ್ಮ ಮೊದಲನೆಯ ತಪ್ಪು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಮಾದರಿ ಹೇಳುವದು ಮೂವತ್ತು ವರ್ಷಗಳ ಸರಾಸರಿಯನ್ನು. ಮುಂದಿನ ವರ್ಷದ ಮಳೆಯನ್ನಲ್ಲ. ವರ್ಗದ ಸರಾಸರಿ ಅಂಕ ಈ ಸಲ ಏರುವದೆಂದು ನಾವು ಹೇಳಬಲ್ಲೆವು. ಮೂರನೆಯ ಸಾಲಿನ ಹುಡುಗ ಪಾಸಾಗುವನೋ ಇಲ್ಲವೋ ಅದರಿಂದ ತಿಳಿಯುವದಿಲ್ಲ. ಮಾದರಿಯೊಳಗಿನ 2023 ನಮ್ಮ 2023 ಅಲ್ಲವೇ ಅಲ್ಲ. ಅದರ ಬರಗಾಲಗಳು ಅದರ ಲೆಕ್ಕದಂತೆ ತಮಗೆ ಬೇಕಾದ ವರ್ಷ ಬರುತ್ತವೆ. ಆದುದರಿಂದ 2023ರಲ್ಲಿ ಬರ ಬಿದ್ದಿತೆಂದು ಆ ನಕಾಶೆ ಸುಳ್ಳೆಂದೂ ಆಗಲಿಲ್ಲ. ಒಂದು ವರ್ಷ ಮಳೆ ಚೆನ್ನಾಗಿ ಸುರಿದರೆ ಅದು ಖರೆಯೆಂದೂ ಆಗುವದಿಲ್ಲ. ಕಾಕಾ ಅವರಿಗೆ ಇದನ್ನು ಒಪ್ಪಿಸುವದು ಬಹಳ ಕಠಿಣವಾಯಿತು. ನಮಗೇ ಕಠಿಣವಾಗಿತ್ತು.

ಇನ್ನು “ನಮ್ಮ ಸೀಮಿ ಕಂಡಾನೇನ್ರಿ” ಎಂಬ ಪ್ರಶ್ನೆ. ಇದು ಬಲು ಮರ್ಮದ ಪ್ರಶ್ನೆ. ಜಗತ್ತಿನ ಮಾದರಿಗಳ ಒಂದೊಂದು ಚೌಕ ಬಹಳ ಕಡೆ 100ರಿಂದ 200 ಕಿಲೋಮೀಟರ ಅಗಲ. ಕೊಯನಾ ಸೀಮೆಯಿಂದ ಜತ್ತಕ್ಕೆ ಹಕ್ಕಿ ಹಾರುವ ನೇರದಲ್ಲಿ ಸುಮಾರು 150 ಕಿಲೋಮೀಟರ. ಅಲ್ಲಿ ಘಟ್ಟದ ಮೇಲೆ ವರ್ಷಕ್ಕೆ 4000 ಮಿಲಿಮೀಟರ ಮೀರಿ ಮಳೆ. ನಮ್ಮಲ್ಲಿ ಅದರ ಐದನೆಯ ಒಂದು ಪಾಲೂ ಇಲ್ಲ. ದೊಡ್ಡ ಚೌಕದ ಮಾದರಿಯಲ್ಲಿ ಈ ಎರಡೂ ಊರು ಒಂದೇ ಚೌಕದಲ್ಲಿ, ಇಲ್ಲವೆ ಒಂದರ ಪಕ್ಕದ ಇನ್ನೊಂದರಲ್ಲಿ ಬೀಳುತ್ತವೆ. ಒಂದು ಚೌಕಕ್ಕೆ ಒಂದೇ ಎತ್ತರ, ಒಂದೇ ಮಳೆ. ಸಾವಿರ ಮೀಟರಿಗೂ ಎತ್ತರವಾಗಿ ಗೋಡೆಯಂತೆ ನಿಂತ ಸಹ್ಯಾದ್ರಿ ಅದರ ಕಣ್ಣಿಗೆ ಉರುಳಿಬಿದ್ದ ಒಡ್ಡಿನಂತೆ ಕಾಣುವದು. ಗೋಡೆಯೇ ಇಲ್ಲದ ಮೇಲೆ ಅದರ ನೆರಳೆಲ್ಲಿ? ಘಟ್ಟದ ಆಚೆ ಸುರಿಯಬೇಕಾದ ನೀರಲ್ಲಿ ಒಂದಿಷ್ಟನ್ನು ನಮ್ಮ ಮೇಲೆ ಚೆಲ್ಲಿ, ಜತ್ತವನ್ನು ಮಳೆನೆರಳಿನ ಸೀಮೆಯೆಂದು ಅದು ಅರಿಯದೆಯೇ ಹೋಗಬಹುದು.

ಇದಕ್ಕೊಂದು ಉಪಾಯವುಂಟು. ದೊಡ್ಡ ಮಾದರಿಯಿಂದ ಗಾಳಿ, ತೇವ, ಕಡಲಿನ ಕಾವುಗಳನ್ನು ಅಂಚಿನಲ್ಲಿ ಪಡೆದುಕೊಂಡು, ನಡುವಿನ ಸೀಮೆಯನ್ನಷ್ಟೇ ಸಣ್ಣ ಚೌಕಗಳಲ್ಲಿ ಲೆಕ್ಕಮಾಡುವ ಪ್ರಾದೇಶಿಕ ಮಾದರಿಗಳಿವೆ. ಕಾರ್ಡೆಕ್ಸ್ ಎಂಬ ಏರ್ಪಾಟಿನಲ್ಲಿ ದಕ್ಷಿಣ ಏಶಿಯಕ್ಕಾಗಿ 50 ಕಿಲೋಮೀಟರ ಚೌಕದ ಇಂಥ ಲೆಕ್ಕಗಳನ್ನು ಮಾಡಿದ್ದಾರೆ. ಅದಕ್ಕಿಂತ ಸಣ್ಣ ಚೌಕದವೂ ಬಂದಿವೆ. ಘಟ್ಟದ ಗೋಡೆ ಇವುಗಳಿಗೆ ಹೆಚ್ಚು ಸ್ಪಷ್ಟ. ಆದರೆ ನಕಾಶೆಯಲ್ಲಿ ಚೌಕ ಸಣ್ಣದಿದ್ದ ಮಾತ್ರಕ್ಕೆ ನಂಬಬೇಡಿರಿ. ದೊಡ್ಡ ಮಾದರಿಯಲ್ಲಿಯೇ ಅರಬೀ ಕಡಲು ಇರಬೇಕಾದುದಕ್ಕಿಂತ ತಣ್ಣಗಿದ್ದರೆ, ಮುಂಗಾರು ಗಾಳಿಗೆ ತೇವ ಕಡಿಮೆ ಸಿಗುವದು. ಅನೇಕ ಮಾದರಿಗಳಲ್ಲಿ ಈ ದೋಷವಿದೆ. ಭಾರತದ ನೆಲದ ಮೇಲೆ ಅವು ಮಳೆಯನ್ನು ಕಡಿಮೆ ತೋರಿಸುವದಕ್ಕೆ ಇದೂ ಒಂದು ಕಾರಣ. ಬಾವಿಯ ನೀರೇ ಸವಳಾದರೆ ಕಾಲುವೆ ಸಣ್ಣದು ತೋಡಿದೆವೆಂದು ಸಿಹಿಯಾಗುವದೇ?

ಹಾಗಾದರೆ ಒರೆಗೆ ಹಚ್ಚುವದು ಹೇಗೆ? ಕಳೆದುಹೋದ ಕಾಲವನ್ನು ಮಾದರಿಯ ಕೈಯಲ್ಲಿ ಬರೆಯಿಸಿ, ಅಳೆದು ಇಟ್ಟ ಮಳೆಯೊಡನೆ ಹೋಲಿಸಬೇಕು. ಭಾರತ ಹವಾಮಾನ ಇಲಾಖೆಯವರು 6955 ಮಳೆಮಾಪಕಗಳ ಲೆಕ್ಕ ಕೂಡಿಸಿ, 1901ರಿಂದ ಈಚಿನ ದಿನ ದಿನದ ಮಳೆಯನ್ನು ಸುಮಾರು 27 ಕಿಲೋಮೀಟರ ಚೌಕಗಳಲ್ಲಿ ಹಂಚಿ ಇಟ್ಟಿದ್ದಾರೆ. ಸಾಮಾನ್ಯವಾಗಿ ಇದೇ ಅಳತೆಗೋಲು. ಅಳತೆಗೋಲನ್ನೂ ಒಮ್ಮೆ ನೋಡಿಕೊಳ್ಳಬೇಕೆನ್ನಿರಿ. ನಮ್ಮ ಸಾಲೆಯ ಮಕ್ಕಳು ಮೊದಲ ವರ್ಷ ಮಳೆಮಾಪಕವನ್ನು ಬೇವಿನ ಗಿಡದ ಮಗ್ಗುಲಲ್ಲಿ ಇಟ್ಟಿದ್ದರು. ಊರಿಗೆಲ್ಲ ಮಳೆ ಹೊಡೆದರೂ ನಮ್ಮ ವಹಿಯಲ್ಲಿ ನಾಲ್ಕು ಹನಿ! ಮಾಪಕಗಳು ವಿರಳವಾದ ಕಡೆ ಚೌಕದ ಅಂಕೆ ನೆರೆಯೂರುಗಳಿಂದ ಎರವಲು ತಂದದ್ದು. ಮಾದರಿ ತಪ್ಪಿತೆಂದು ಕೂಗುವ ಮೊದಲು ಇದನ್ನು ನೆನೆಯಬೇಕು.

ಯಾವ ವಿಷಯದಲ್ಲಿ ಪರೀಕ್ಷೆ ಎಂಬುದೇ ಮುಖ್ಯ. ನಮ್ಮದು ಹಿಂಗಾರಿ ಜೋಳದ ಸೀಮೆ. ವರ್ಷದ ಒಟ್ಟು ಮಳೆಯನ್ನು ಮಾದರಿ ಕರಾರುವಾಕ್ಕಾಗಿ ಹೇಳಿದರೂ, ಅದನ್ನೆಲ್ಲ ಜುಲೈದಲ್ಲಿ ಸುರಿಸಿ ಸಪ್ಟಂಬರವನ್ನು ಒಣಗಿಸಿದರೆ ನಮಗೆ ಅದು ನಾಪಾಸು. ಹುಬ್ಬಿ, ಉತ್ತರಿ ಮಳೆಗಳಿಂದ ಎರೆಹೊಲ ತೊಯ್ದು ನೆನೆಯಬೇಕು, ಆಮೇಲೆ ಹದ ನೋಡಿ ಮಾಲದಂಡಿ ಬಿತ್ತಬೇಕು. ಕೊಂಕಣದ ಭತ್ತದವರ ಪ್ರಶ್ನೆಪತ್ರಿಕೆ ಬೇರೆ, ನಮ್ಮದು ಬೇರೆ. ಇಷ್ಟೇ ಅಲ್ಲ. ಬಹಳ ಮಾದರಿಗಳಿಗೆ ತುಂತುರಿನ ಚಟವಿದೆ. ತಿಂಗಳಲ್ಲಿ ನಾಲ್ಕೇ ದಿನ ಹೊಡೆಯಬೇಕಾದ ಮಳೆಯನ್ನು ಇಪ್ಪತ್ತು ದಿನ ಜಿನುಗಿಸಿ ಕೊಡುತ್ತವೆ. ಕೂಡಿಸಿದರೆ ಮೊತ್ತ ಸರಿ. ಆದರೆ ಜಿನುಗಿದ ನೀರು ಬಿಸಿಲಿಗೆ ಆರಿಹೋಗುತ್ತದೆ, ಬಿತ್ತನೆಯ ಹದ ಬರುವದಿಲ್ಲ, ಕೆರೆಗೂ ಹರಿಯುವದಿಲ್ಲ. ಅಕ್ಟೋಬರ 2020ರ ವಾಯುಭಾರ ಕುಸಿತ ತೆಲಂಗಾಣ, ಕಲಬುರ್ಗಿ, ಸೊಲ್ಲಾಪುರಗಳ ಮೇಲೆ ಹಾಯ್ದಾಗ ಒಂದೆರಡು ದಿನಗಳಲ್ಲಿ ಏನಾಯಿತೆಂದು ಭೀಮಾ ದಂಡೆಯವರಿಗೆ ಹೇಳಬೇಕಾಗಿಲ್ಲ. ಅಂಥ ಮಳೆಯನ್ನು ದೊಡ್ಡ ಚೌಕದ ಮಾದರಿ ಹರವಿ ತೆಳುವು ಮಾಡಿಬಿಡುತ್ತದೆ. ಆದುದರಿಂದ ಮೊತ್ತವನ್ನು ನೋಡಿದಂತೆಯೇ ಮಳೆ ಬಿದ್ದ ದಿನಗಳನ್ನು, ನಡುವಿನ ಒಣ ದಿನಗಳ ಸಾಲನ್ನು, ದೊಡ್ಡ ಮಳೆಯ ದಿನವನ್ನು ಬೇರೆ ಬೇರೆಯಾಗಿ ನೋಡಬೇಕಾಗಿದೆ.

ಉತ್ತರ ಸರಿಬಂದರೆ ಸಾಲದು, ಲೆಕ್ಕದ ಮೆಟ್ಟಿಲುಗಳೂ ಸರಿ ಇರಬೇಕು. ಎರಡು ಕಡೆ ತಪ್ಪಿ ಕೊನೆಗೆ ಸರಿ ಅಂಕೆ ಬರೆಯುವ ಹುಡುಗರನ್ನು ನಾವು ವರ್ಷವೂ ನೋಡುತ್ತೇವೆ. ಶಾಂತಸಾಗರದ ನೀರು ಕಾಯುವ ಎಲ್ ನೀನ್ಯೋ ಬಂದ ವರ್ಷ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು: 1972, 1987, 2002, 2009, 2015 ಎಲ್ಲ ಅಂಥವೇ. ಆದರೆ 1997ರಲ್ಲಿ ಎಲ್ ನೀನ್ಯೋ ಬಲವಾಗಿದ್ದರೂ ದೇಶದ ಮಳೆ ಸರಾಸರಿಗೆ ಕಡಿಮೆಯಾಗಲಿಲ್ಲ. ಒಳ್ಳೆಯ ಮಾದರಿಯಲ್ಲಿ, ಅದರದೇ ಎಲ್ ನೀನ್ಯೋ ವರ್ಷಗಳಲ್ಲಿ ಮುಂಗಾರು ಹೆಚ್ಚು ಸಲ ಸೊರಗಬೇಕು, ಪ್ರತಿ ಸಲವೂ ಅಲ್ಲ. ಈ ನಂಟೇ ಕಾಣದ ಮಾದರಿ ಸಪ್ಟಂಬರದ ಮೊತ್ತವನ್ನು ಸರಿಯಾಗಿ ಹೇಳಿದರೂ ನಮಗೆ ಸಂಶಯವೇ.

ಇನ್ನೊಂದು ಕಠಿಣ ಪ್ರಶ್ನೆಯೂ ಉಂಟು. ಕೇಂದ್ರ ಸರಕಾರದ ಭೂವಿಜ್ಞಾನ ಮಂತ್ರಾಲಯದವರು 2020ರಲ್ಲಿ ಹೊರತಂದ ವರದಿಯ ಪ್ರಕಾರ, 1951ರಿಂದ 2015ರ ವರೆಗೆ ದೇಶದ ಮುಂಗಾರು ಮಳೆ ಶೇಕಡಾ 6ರಷ್ಟು ತಗ್ಗಿತು. ಗಂಗೆಯ ಬಯಲಿನಲ್ಲಿಯೂ ಪಶ್ಚಿಮ ಘಟ್ಟದಲ್ಲಿಯೂ ಅದು ಹೆಚ್ಚು ಕಂಡಿತು. ಭೂಮಿ ಕಾದರೆ ಮುಂಗಾರು ಹೆಚ್ಚಬೇಕೆಂಬುದು ಬಹುತೇಕ ಮಾದರಿಗಳ ಮಾತು. ನಡೆದದ್ದು ವಿರುದ್ಧ. ಹೊಗೆ, ದೂಳು, ಗಂಧಕದ ಕಣಗಳು ಬಿಸಿಲನ್ನು ತಡೆದು ನೆಲವನ್ನು ತಣಿಸಿದ್ದು ಇದಕ್ಕೆ ದೊಡ್ಡ ಕಾರಣವೆಂದು ಬಲ್ಲವರು ಹೇಳುತ್ತಾರೆ. ಆ ಕಣಗಳ ಆಟವನ್ನು ಹಿಡಿಯಲಾರದ ಮಾದರಿ, ಮುಂದೆ ಹೊಗೆ ಇಳಿದಾಗ ಮಳೆ ಹೇಗೆ ತಿರುಗುವದೆಂದು ಹೇಳೀತೆ?

ಹಳೆಯ ಕಾಲದ ಪರೀಕ್ಷೆಯಲ್ಲಿ ಪಾಸಾದರೂ ಮುಂದಿನ ಕಾಲಕ್ಕೆ ಜಾಣನೆಂದು ಖಾತ್ರಿಯಿಲ್ಲ. ಮಾದರಿ ಕಟ್ಟಿದವರಿಗೆ 20ನೆಯ ಶತಮಾನದ ಉತ್ತರಗಳು ಮೊದಲೇ ಗೊತ್ತು; ಪ್ರಶ್ನೆಪತ್ರಿಕೆ ನೋಡಿಬಂದ ಹುಡುಗನಂತೆ. ಅದಕ್ಕಾಗಿ ಕಾಣದ ಪ್ರಶ್ನೆಯನ್ನೂ ಕೇಳುತ್ತಾರೆ. ಅಮೇರಿಕೆಯ ಸಿಇಎಸ್‌ಎಮ್ 2 ಎಂಬ ಮಾದರಿ ಕಳೆದ ನೂರು ವರ್ಷಗಳನ್ನು ಚೆನ್ನಾಗಿಯೇ ಬರೆಯಿತು. ಸುಮಾರು 20,000 ವರ್ಷ ಹಿಂದಿನ ಹಿಮಯುಗವನ್ನು ಬರೆ ಎಂದಾಗ ಭೂಮಿಯನ್ನು ಮಿತಿಮೀರಿ ಕೊರೆಸಿತು. ಅದರ ಕೈ ಹದ್ದುಮೀರಿ ಹರಿಯುವದೆಂದು 2021ರಲ್ಲಿ ಹೀಗೆ ಗೊತ್ತಾಯಿತು.

ಈ ಕೈ ಹರಿಯುವದಕ್ಕೂ ಒಂದು ಅಳತೆಯಿದೆ. ಡೈ ಆಕ್ಸೈಡ ಇಮ್ಮಡಿಯಾಗಿ ಎಲ್ಲ ನೆಲೆಗೊಂಡ ಮೇಲೆ ಭೂಮಿ ಎಷ್ಟು ಅಂಶ ಕಾಯುವದು? ರಶಿಯಾದ ಒಂದು ಮಾದರಿ 1.8 ಅಂಶ ಎಂದರೆ, ಕೆನಡಾದ್ದು 5.6 ಎನ್ನುತ್ತದೆ. ಸಂಯುಕ್ತ ರಾಷ್ಟ್ರಗಳ ಹವಾಗುಣ ಮಂಡಲಿ (ಐಪಿಸಿಸಿ) 2021ರಲ್ಲಿ ಹಳೆಯ ಕಾಲದ ಕುರುಹುಗಳನ್ನೆಲ್ಲ ಕೂಡಿಸಿ ನೋಡಿ, 3 ಅಂಶ ಎಂದೂ, ಬಹುಮಟ್ಟಿಗೆ 2.5ರಿಂದ 4ರ ಒಳಗೆ ಎಂದೂ ಹೇಳಿತು. ಹಾಗಾದರೆ ಎಲ್ಲ ಮಾದರಿಗಳನ್ನು ಕಣ್ಣುಮುಚ್ಚಿ ಕೂಡಿಸಿ ಭಾಗಿಸಿದರೆ, ಅತಿ ಬಿಸಿಯವು ಸರಾಸರಿಯನ್ನು ತಮ್ಮತ್ತ ಎಳೆದುಬಿಡುತ್ತವೆ. 2022ರಲ್ಲಿ ಕೆಲವು ವಿಜ್ಞಾನಿಗಳು ಇದನ್ನು ಬಹಿರಂಗವಾಗಿ ಎಚ್ಚರಿಸಿ ಬರೆದರು.

ಕೂಡಿಸುವದರಲ್ಲಿ ಇನ್ನೊಂದು ತೊಡಕಿದೆ. ಪಂಚರ ಮುಂದೆ ಹತ್ತು ಜನ ಸಾಕ್ಷಿ ನುಡಿದರು, ಹತ್ತೂ ಒಂದೇ ಮಾತು ಎನ್ನಿರಿ. ಆಮೇಲೆ ಅವರಲ್ಲಿ ಆರು ಮಂದಿ ಒಂದೇ ಮನೆಯ ಅಣ್ಣತಮ್ಮಂದಿರು ಎಂದು ತಿಳಿದರೆ? ಮಾದರಿಗಳಿಗೂ ಮನೆತನಗಳಿವೆ. ನಾರ್ವೆಯ ಮಾದರಿ ಅಮೇರಿಕೆಯ ಸಿಇಎಸ್‌ಎಮ್‌ದ ಬಳಗ; ಆಸ್ಟ್ರೇಲಿಯದ್ದೂ ಕೊರಿಯದ ಒಂದು ಮಾದರಿಯೂ ವಿಲಾಯತಿಯ ಮಾದರಿಯ ವಾಯುಮಂಡಲವನ್ನು ಎರವಲು ತಂದಿವೆ; ನಮ್ಮ ಪುಣೆಯದರ ಬೇರೂ ಅಮೇರಿಕೆಯ ಒಂದು ಮುನ್ಸೂಚನೆಯ ಮಾದರಿಯಲ್ಲಿದೆ. ಒಂದೇ ಮನೆಯವರನ್ನು ಒಂದೇ ಸಾಕ್ಷಿಯೆಂದು ಎಣಿಸುವದು ನ್ಯಾಯ.

ಆಯ್ಕೆಯ ಮಾತಿಗೆ ಬರೋಣ. ನೂರು ಮಾದರಿಗಳನ್ನು ಹಿಡಿದು ಒಂದು ತಾಲೂಕಿನ ನೀರಿನ ಲೆಕ್ಕ ಮಾಡುವದು ಆಗದ ಕೆಲಸ. ಒಂದನ್ನೇ ಆರಿಸುವದೋ ನಾವು ಮಾಡಿದ ತಪ್ಪು. “ಎಲ್ಲಕ್ಕಿಂತ ಒಳ್ಳೆಯದು ಯಾವುದು?” ಎಂದು ಕೇಳುವವರಿಗೆ ಉತ್ತರವಿಲ್ಲ, ಕಾವಿನಲ್ಲಿ ಜಾಣವಾದದ್ದು ಮಳೆಯಲ್ಲಿ ದಡ್ಡವಿರುತ್ತದೆ. ಸಿಂಧು, ಗಂಗಾ, ಬ್ರಹ್ಮಪುತ್ರಾ ನದಿಗಳ ಸೀಮೆಗಾಗಿ 2016ರಲ್ಲಿ ಲುಟ್ಜ್ ಮತ್ತು ಅವರ ಜೊತೆಗಾರರು ತೋರಿಸಿದ ದಾರಿ ನಮಗೆ ಹಿಡಿಸಿತು. ಒಂದು ಕಾಗದದ ಮೇಲೆ ಅಡ್ಡಕ್ಕೆ ಕಾವಿನ ಏರಿಕೆ, ಉದ್ದಕ್ಕೆ ಮಳೆಯ ಬದಲಾವಣೆ ಗುರುತಿಸಿ, ಒಂದೊಂದು ಮಾದರಿಗೂ ಒಂದೊಂದು ಚುಕ್ಕೆ ಇಡಬೇಕು. ಆಗ ನಾಲ್ಕು ಮೂಲೆಗಳು ಕಾಣುತ್ತವೆ: ಹೆಚ್ಚು ಬಿಸಿ ಹೆಚ್ಚು ಮಳೆ, ಹೆಚ್ಚು ಬಿಸಿ ಕಡಿಮೆ ಮಳೆ, ಕಡಿಮೆ ಬಿಸಿ ಹೆಚ್ಚು ಮಳೆ, ಕಡಿಮೆ ಬಿಸಿ ಕಡಿಮೆ ಮಳೆ. ಒಂದೊಂದು ಮೂಲೆಯ ಹತ್ತಿರ ಇದ್ದ ಕೆಲವನ್ನು ಹಿಡಿದು, ಬಿರುಮಳೆ ಮತ್ತು ಒಣದಿನಗಳಲ್ಲಿ ಅವು ಹೇಗೆ ಬದಲಾಗುವವೆಂದು ನೋಡಿ, ಕೊನೆಗೆ ಹಳೆಯ ಕಾಲದ ಪರೀಕ್ಷೆ ಕೊಟ್ಟು ಮೂಲೆಗೆ ಒಂದರಂತೆ ಉಳಿಸಿಕೊಳ್ಳುವದು. ನಾವಾದರೆ ಪರೀಕ್ಷೆಯನ್ನು ಮೊದಲೇ ಇಟ್ಟು, ಮುಂಗಾರೇ ಅರಿಯದವನ್ನು ಬಾಗಿಲಲ್ಲಿಯೇ ನಿಲ್ಲಿಸುತ್ತಿದ್ದೆವು. ಒಳಗೆ ಬಂದವುಗಳಲ್ಲಿ ಮಾತ್ರ ಒಂದನ್ನೊಂದು ಒಪ್ಪದವನ್ನೇ ಬೇಕೆಂದು ಆರಿಸಬೇಕು. ನಮ್ಮ ಮನಸ್ಸಿಗೆ ಬಂದ ಉತ್ತರ ಹೇಳುವವನ್ನೇ ಆರಿಸಿದರೆ ಆ ಕಷ್ಟವೆಲ್ಲ ಯಾತಕ್ಕೆ?

ಒಂದೇ ಮಾದರಿಯನ್ನೂ ಒಂದೇ ಸಲ ನಡೆಸಿದರೆ ಸಾಲದು. ಅಮೇರಿಕೆಯಲ್ಲಿ ಒಂದೇ ಮಾದರಿಯನ್ನು, ಆರಂಭದ ಕಾವಿನಲ್ಲಿ ಎಣಿಕೆಗೂ ಸಿಗದಷ್ಟು ಭೇದಮಾಡಿ, 40 ಸಲ ನಡೆಸಿದರು. ನಲವತ್ತರಲ್ಲಿಯೂ ಪ್ರದೇಶ ಪ್ರದೇಶದ ಮಳೆ ಬೇರೆ ಬೇರೆ ದಾರಿ ಹಿಡಿಯಿತು. ಇದು ಮಾದರಿಯ ದೋಷವಲ್ಲ, ಹವೆಯ ಸ್ವಭಾವ.

ಆಯ್ದ ಮೇಲೆ ತಿದ್ದುಪಡಿ. ನಮ್ಮ ವಹಿಯಲ್ಲಿ ಸಪ್ಟಂಬರದ ಸರಾಸರಿ 150 ಮಿಲಿಮೀಟರ ಎಂದಿಟ್ಟುಕೊಳ್ಳಿರಿ. ಮಾದರಿ ಅದೇ ವರ್ಷಗಳಿಗೆ 120 ತೋರಿಸಿ, ಮುಂದಿನ ಕಾಲಕ್ಕೆ 132 ಎನ್ನುತ್ತದೆ. 132 ಎಂದು ಓದಿ ನಮ್ಮ ಮಳೆ ತಗ್ಗುವದೆಂದರೆ ತಪ್ಪು. ಮಾದರಿಯ ಲೆಕ್ಕದಲ್ಲಿ ಏರಿಕೆ ಹತ್ತಕ್ಕೊಂದು. ಆ ಏರಿಕೆಯನ್ನು ನಮ್ಮ 150ಕ್ಕೆ ಹಚ್ಚಿದರೆ 165. ತಕ್ಕಡಿ ಯಾವಾಗಲೂ ಒಂದೇ ಪ್ರಮಾಣದಲ್ಲಿ ಕಡಿಮೆ ತೂಗುತ್ತಿದ್ದರೆ ಈ ಉಪಾಯ ನಡೆಯುವದು. ಮನಸ್ಸಿಗೆ ಬಂದಂತೆ ತೂಗುವ ತಕ್ಕಡಿಯನ್ನು ಯಾವ ತಿದ್ದುಪಡಿಯೂ ನೆಟ್ಟಗೆ ಮಾಡಲಾರದು. ಅಲ್ಲದೆ ಲೋಕದ ಜನ ಮುಂದೆ ಎಷ್ಟು ಕಲ್ಲಿದ್ದಲು, ಎಣ್ಣೆ ಸುಡುವರೆಂಬ ಊಹೆಯೂ ಕಾಗದದಲ್ಲಿ ಎಲ್ಲಿಯೋ ಸಣ್ಣ ಅಕ್ಷರದಲ್ಲಿ ಇರುತ್ತದೆ, 2.6, 4.5, 8.5 ಎಂಬವು ಅವುಗಳ ಗುರುತು. ಮೇಲೆ ಹೇಳಿದ 2020ರ ವರದಿಯಲ್ಲಿ ಶತಮಾನದ ಕೊನೆಗೆ ದೇಶ 4.4 ಅಂಶ ಕಾಯುವದೆಂಬ ಮಾತು 8.5ರ ಲೆಕ್ಕ, ಅದು ಎಲ್ಲಕ್ಕಿಂತ ಹೆಚ್ಚು ಹೊಗೆಯ ದಾರಿ.

ಕಾಕಾ ಅವರ ಪ್ರಶ್ನೆಗೆ ಕಡೆಗೆ ನಾವು ಹೇಳಿದ್ದಿಷ್ಟು. ಕಾವು ಏರುವದೆಂದು ಎಲ್ಲ ಮಾದರಿಗಳೂ ಒಪ್ಪುತ್ತವೆ. ಎಷ್ಟೆಂಬುದರಲ್ಲಿ ಮಾತ್ರ ಜಗಳ. ಮುಂಗಾರು ಹೆಚ್ಚುವದೆಂದು ಹೆಚ್ಚಿನವು ಹೇಳುತ್ತವೆ, ಜೊತೆಗೆ ವರ್ಷದಿಂದ ವರ್ಷಕ್ಕೆ ಏರಿಳಿತವೂ ಹೆಚ್ಚುವದೆನ್ನುತ್ತವೆ. ನಮ್ಮ ಒಂದು ತಾಲೂಕಿನ ಸಪ್ಟಂಬರದ ಮಟ್ಟಿಗೆ ಒಂದೇ ಅಂಕೆ ಕೊಟ್ಟು ಸಾಲ ತೆಗೆಯಿರಿ ಎನ್ನುವವನನ್ನು ನಂಬಬಾರದು. ಎರಡು ವರ್ಷ ಹಿಂದೆ ಹಾಗೆ ಹೇಳಿದ ಮಾಸ್ತರನನ್ನೂ ಸೇರಿಸಿ.

ಅವರು ನಕ್ಕು, “ಹಂಗಾರ ನಾ ಏನ ಮಾಡ್ಲಿ, ಅದನ್ನ ಹೇಳ್ರಿ” ಎಂದರು.

ಅವರು ತೋಡಿಸಬೇಕೆಂದಿದ್ದ ಶೇತತಳೆಯನ್ನೇ ನಾಲ್ಕು ಮೂಲೆಗೂ ಹಚ್ಚಿ ನೋಡಿದೆವು. ಬಿಸಿ ಹೆಚ್ಚಿ ಮಳೆ ತಗ್ಗಿದ ಮೂಲೆಯಲ್ಲಿ, ತುಂಬಿದ ನೀರು ಎರಡು ಎಕರೆ ದಾಳಿಂಬಕ್ಕೆ ಬೇಸಿಗೆ ದಾಟಿಸುವದಿಲ್ಲ, ಒಂದು ಎಕರೆಗೆ ಹೇಗೋ ಸಾಕು. ಮಳೆ ಹೆಚ್ಚಿ ಒಂದೇ ದಿನ ಸುರಿದ ಮೂಲೆಯಲ್ಲಿ, ಅವರು ಬರೆಯಿಸಿದ್ದ ಕೋಡಿ ಸಣ್ಣದು, ಒಡ್ಡು ಒಡೆಯುವದು. ಉಳಿದ ಎರಡು ಮೂಲೆಗಳಲ್ಲಿ ಹೆಚ್ಚಿನ ತೊಂದರೆ ಕಾಣಲಿಲ್ಲ. ಕಾಕಾ ಕೋಡಿಯನ್ನು ಅಗಲಮಾಡಿಸಿದರು. ಸೊರಗಿದ ಒಂದು ಎಕರೆ ದಾಳಿಂಬ ಕಿತ್ತು ಅಲ್ಲಿ ಮತ್ತೆ ಮಾಲದಂಡಿ ಬಿತ್ತುತ್ತಿದ್ದಾರೆ. ಸಾಲದ ಕಂತು ಇನ್ನೂ ಮುಗಿದಿಲ್ಲ.

ಮಳೆಮಾಪಕವನ್ನು ಬೇವಿನ ಗಿಡದಿಂದ ತೆಗೆದು ಸಾಲೆಯ ಬಯಲಿನ ನಡುವೆ ಇಟ್ಟಿದ್ದೇವೆ. ದಿನಾ ಮುಂಜಾನೆ ಎಂಟೂವರೆಗೆ ಮಕ್ಕಳು ನೋಡಿ ಬರೆಯುತ್ತಾರೆ. ಹವಾಗುಣದ ಬಗ್ಗೆ ಯಾವ ಕಾಗದ, ನಕಾಶೆ ನಿಮ್ಮ ಕೈಗೆ ಬಂದರೂ ಶನಿವಾರ ಸಾಲೆ ಬಿಟ್ಟ ಮೇಲೆ ತನ್ನಿರಿ. ಯಾವ ಮಾದರಿ, ಎಷ್ಟು ಮಾದರಿ, ಯಾವ ಹೊಗೆಯ ದಾರಿ, ಯಾವ ಮೂವತ್ತು ವರ್ಷ ಎಂದು ಕೂಡಿಯೇ ಓದೋಣ.